ಬಣ್ಣ ನೋಡಿ ಮೋಸ ಹೋಗಬೇಡಿ: ಮನೆಯಲ್ಲೇ ಖನಿಜ ಪತ್ತೆ

ಪ್ರಶ್ನೆ, ಉಡುಪಿಯಿಂದ: ವಿಜ್ಞಾನ ಮೇಳಕ್ಕೆಂದು ಹೈಸ್ಕೂಲು ಮಕ್ಕಳು ಮಲ್ಪೆ, ಕಾರ್ಕಳ ಕಡೆಯ ಕಲ್ಲು ರಾಶಿ ಹಾಕಿದ್ದಾರೆ. ಕಪ್ಪು, ಕೆಂಪು, ಬಿಳಿ ಎಲ್ಲ ಉಂಟು. ಲ್ಯಾಬ್ ಇಲ್ಲದೆ ಯಾವುದು ಯಾವ ಖನಿಜ ಅಂತ ಹೇಗೆ ತಿಳಿಯುವುದು? ಗೊತ್ತಿದ್ದವರು ಹೇಳಿ.

ಸುರತ್ಕಲ್: ಮೊದಲು ಗೋಣಿಯಲ್ಲಿ ಸುತ್ತಿ ಒಡೆಯಿರಿ, ಕಣ್ಣಿಗೆ ಕನ್ನಡಕ ಇರಲಿ. ನಮ್ಮ ಮಳೆಗೆ ಹೊರಮೈ ತುಕ್ಕು ಬಣ್ಣಕ್ಕೆ ತಿರುಗಿರ್ತದೆ, ಹೊಸ ಮುಖವೇ ಬೇಕು. ಆಮೇಲೆ ಒರೆ ಹಚ್ಚಿ. ಒಡೆದ ಬಿಳಿ ಪಿಂಗಾಣಿ ಕಪ್ಪಿನ ತಳದ ಮೆರುಗಿಲ್ಲದ ಅಂಚು ಸಾಕು. ಹಂಚಿನ ಚೂರು ಬೇಡ, ಅದರ ಕೆಂಪಿನಲ್ಲಿ ಕೆಂಪು ಗೀರು ಕಾಣುವುದಿಲ್ಲ. ಕಪ್ಪು ಕಲ್ಲು ಕೆಂಪು-ಕಂದು ಗೀರು ಬಿಟ್ಟರೆ ಹೆಮಟೈಟ್. ಗೀರು ಕಪ್ಪಾಗಿದ್ದು, ಅಯಸ್ಕಾಂತವೂ ಗಟ್ಟಿಯಾಗಿ ಅಂಟಿದರೆ ಮ್ಯಾಗ್ನಟೈಟ್. ಕುದುರೆಮುಖದ ಅದಿರು ಅದೇ. ಹಳದಿ-ಕಂದು ಬಂದರೆ ಗೋಥೈಟ್. ಮೂರೂ ಕಬ್ಬಿಣದ ಖನಿಜಗಳೇ. ಮುರಕಲ್ಲಿನಲ್ಲಿ (ತೂತು ತೂತಾದ ಕೆಂಪು ಲ್ಯಾಟರೈಟ್ ಕಲ್ಲು) ಇಂಥವು ಬೆರೆತಿರುವುದರಿಂದ ಗೀರು ಜಾಗಕ್ಕೊಂದು ಬಣ್ಣ. ಅದಕ್ಕೆ ಒಂದೇ ಖನಿಜದ ಹೆಸರು ಅಂಟಿಸಬೇಡಿ. ಬೆಣಚುಕಲ್ಲು ಪಿಂಗಾಣಿಗಿಂತ ಗಟ್ಟಿ, ಉದುರುವ ಬಿಳಿ ಪುಡಿ ಪಿಂಗಾಣಿಯದ್ದು!

ಮಣಿಪಾಲ: ಗಡಸುತನಕ್ಕೆ ಮೋಸ್ ಅಳತೆ ಉಂಟು, 1ರಿಂದ 10; ಹೆಚ್ಚು ಅಂಕಿಯದ್ದು ಕಡಿಮೆಯದ್ದನ್ನು ಗೀರುತ್ತದೆ. ಉಗುರು 2.5, ತಾಮ್ರ 3, ಚಾಕು ಮತ್ತು ಗಾಜು ಸುಮಾರು 5.5. ಪುಸ್ತಕದಲ್ಲಿ ತಾಮ್ರದ ನಾಣ್ಯ ಅಂತಿರ್ತದೆ; ಈಗಿನ ಒಂದು ರೂಪಾಯಿ ಸ್ಟೇನ್‌ಲೆಸ್ ಸ್ಟೀಲು ಮಾರಾಯ್ರೆ, ವಯರಿನ ತಾಮ್ರದ ತಂತಿ ಬಳಸಿ. ಗೀರಿದ ಮೇಲೆ ಒದ್ದೆ ಬೆರಳಲ್ಲಿ ಒರೆಸಿ. ಗೀರು ಅಳಿಸಿ ಹೋದರೆ ಸವೆದದ್ದು ಚಾಕು, ಕಲ್ಲಲ್ಲ.

ಬಿಳಿ ಕಲ್ಲಿನಲ್ಲಿ ಬೆಣಚು, ಫೆಲ್ಡ್‌ಸ್ಪಾರ್ ಎರಡೂ ಗಾಜನ್ನು ಗೀರುತ್ತವೆ. ಬಿಸಿಲಿಗೆ ತಿರುಗಿಸಿ ನೋಡಿ: ಫೆಲ್ಡ್‌ಸ್ಪಾರ್ ಚಪ್ಪಟೆಯಾಗಿ ಸೀಳಿ ಕನ್ನಡಿಯ ಹಾಗೆ ಫಳಕ್ಕೆನ್ನುತ್ತದೆ, ಬೆಣಚು ಬಾಗಿದ ಮುಖದಲ್ಲಿ ಒಡೆಯುತ್ತದೆ. ಚಾಕುವಿನ ತುದಿಗೆ ಹಾಳೆ ಹಾಳೆ ಎದ್ದರೆ ಕಾಗೆಬಂಗಾರ.

ಕದ್ರಿ: ಸುಣ್ಣಕಲ್ಲಿನ ಖನಿಜ ಕ್ಯಾಲ್ಸೈಟ್ ಬಿಟ್ಟುಹೋಯಿತು. ಗಾಜನ್ನು ಗೀರದ, ಚಾಕುವಿಗೆ ಸುಲಭವಾಗಿ ಸವೆಯುವ ಬಿಳಿ ಕಲ್ಲಿನ ಪುಡಿಗೆ ವಿನೆಗರ್ ಹಾಕಿ, ಕ್ಯಾಲ್ಸೈಟ್ ಆದರೆ ಗುಳ್ಳೆ ಏಳ್ತದೆ. ಕಡಲತೀರದ ಕಲ್ಲಿಗೆ ಚಿಪ್ಪಿನ ಚೂರು ಅಂಟಿದ್ದರೂ ಗುಳ್ಳೆ ಬರ್ತದೆ, ಮೊದಲು ಕೆರೆದು ತೆಗೆಯಿರಿ. ಮಕ್ಕಳ ಕೈಗೆ ಟಾಯ್ಲೆಟ್ ಆಸಿಡ್ ಕೊಡಲೇಬೇಡಿ.

ಇನ್ನೂ ಸಂಶಯ ಇದ್ದರೆ ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಣಕಲ್ಲು ತೂಗಿ. ನೀರಿನ ಲೋಟ ಇಟ್ಟು ತಕ್ಕಡಿ ಸೊನ್ನೆ ಮಾಡಿ, ಕಲ್ಲನ್ನು ನೂಲಿಗೆ ಕಟ್ಟಿ, ತಳ-ಬದಿಗೆ ತಾಗದಂತೆ ಪೂರ್ತಿ ಮುಳುಗಿಸಿ. ಮೊದಲ ತೂಕವನ್ನು ಈಗ ಕಾಣುವ ಅಂಕಿಯಿಂದ ಭಾಗಿಸಿ, ಕಲ್ಲು ನೀರಿಗಿಂತ ಎಷ್ಟು ಪಟ್ಟು ಭಾರ ಅಂತ ಸಿಗ್ತದೆ. 130 ಗ್ರಾಂ ಕಲ್ಲಿಗೆ 25 ತೋರಿಸಿದರೆ 5.2, ಮ್ಯಾಗ್ನಟೈಟ್ ಇರಬಹುದು. ಬೆಣಚಾದರೆ 49 ಆಸುಪಾಸು ತೋರಿಸಿ 2.65 ಬರ್ತದೆ. ಕಲ್ಲು 50 ಗ್ರಾಮಿಗಿಂತ ಚಿಕ್ಕದಾದರೆ ತಕ್ಕಡಿಯ ಒಂದು ಗ್ರಾಂ ವ್ಯತ್ಯಾಸವೇ ಲೆಕ್ಕ ಕೆಡಿಸ್ತದೆ. ಮುರಕಲ್ಲಿಗೆ ಇದು ಆಗುವುದಿಲ್ಲ, ತೂತುಗಳಲ್ಲಿ ಗಾಳಿ.

ಪ್ರಶ್ನೆ ಕೇಳಿದವರು: ಉಪಕಾರ ಆಯ್ತು. ಮರಳಿನ ಕಪ್ಪು ಕಣಗಳಿಗೆ ಏನು ಮಾಡುವುದು?

ಸುರತ್ಕಲ್: ಚೆನ್ನಾಗಿ ಒಣಗಿಸಿ, ಒದ್ದೆ ಮರಳು ಎಲ್ಲದಕ್ಕೂ ಅಂಟ್ತದೆ. ಅಯಸ್ಕಾಂತವನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ಆಡಿಸಿ, ಇಲ್ಲದಿದ್ದರೆ ಕಣ ಬಿಡಿಸುವುದೇ ಒಂದು ಕೆಲಸ. ಸಾಮಾನ್ಯ ಅಯಸ್ಕಾಂತಕ್ಕೆ ಬರುವುದು ಹೆಚ್ಚಾಗಿ ಮ್ಯಾಗ್ನಟೈಟ್. ಉಳಿದ ಕಪ್ಪಿನಲ್ಲಿ ಇಲ್ಮನೈಟ್ (ಟೈಟಾನಿಯಂ ಅದಿರು) ಇದ್ದರೆ ತುಂಬಾ ಬಲವಾದ ನಿಯೋಡಿಮಿಯಂ ಅಯಸ್ಕಾಂತಕ್ಕೆ ಮಾತ್ರ ಮೆಲ್ಲಗೆ ಎಳೆದುಕೊಳ್ತದೆ.

ಮಣಿಪಾಲ: ಸೇಂಟ್ ಮೇರೀಸ್ ದ್ವೀಪದಿಂದ ಮಾತ್ರ ಚೂರೂ ತರಿಸಬೇಡಿ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಫೋಟೋ ಸಾಕು.