ನೂರೊಂದರ ಮುಯ್ಯಿ

ಮದುವೆಯ ಮುಯ್ಯಿಗೆ ನೂರರ ಬದಲು ನೂರೊಂದನ್ನೇ ಏಕೆ ಬರೆಸಬೇಕೆಂಬ ಪ್ರಶ್ನೆಯನ್ನು ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಮುಂದೆ ಎತ್ತಿದವರು, ಒಂದು ರೂಪಾಯಿ ಉಳಿದರೂ ಉಳಿಯಿತೆನ್ನುವ ನಮ್ಮ ತಿಪಟೂರಿನ ಕೊಬ್ಬರಿ ಸಾಹುಕಾರರು.

“101 ಅವಿಭಾಜ್ಯ ಸಂಖ್ಯೆ ಸ್ವಾಮಿ. 1 ಮತ್ತು 101 ಬಿಟ್ಟರೆ ಅದಕ್ಕೆ ಬೇರೆ ಅಪವರ್ತನವೇ ಇಲ್ಲ, ಗಂಡಹೆಂಡಿರು ಜಗಳವಾಡಿದರೂ ಪಾಲು ಮಾಡಿಕೊಳ್ಳಲಾರರು,” ಎಂದರು ಗಣಿತದ ಮೇಷ್ಟ್ರು, ಇಡ್ಲಿಯ ಮೇಲೆ ಚಟ್ನಿ ಹರಡುತ್ತ.

“1001 ಆದರೆ?” ಎಂದೆ.

“ಅದು 7, 11, 13ರ ಗುಣಲಬ್ಧ. ಅಪವರ್ತನಗಳು ಎಂಟು, ಎಂಟೂ ಬೆಸ. ನಡುವೆ ಒಂದೇ ಒಂದು ಸಮಸಂಖ್ಯೆ ನುಸುಳಿದರೂ ಗುಣಲಬ್ಧವೇ ಸಮವಾಗಿಬಿಡುತ್ತದೆ. ಆದ್ದರಿಂದ ಏಳು ಮಂದಿ ಭಾವಮೈದುನರು ಬಂದರೆ ಹಂಚಿಕೊಂಡಾರು, ದಂಪತಿಗಳಿಂದ ಆಗದು.”

ಮಗಳ ಲಗ್ನಪತ್ರಿಕೆ ಹಂಚಲು ಬಂದಿದ್ದ ಗುಮಾಸ್ತರು ಇದನ್ನು ಕೇಳಿ ಹಿಗ್ಗಿದರು. ಸಾಹುಕಾರರು ಹಿಗ್ಗಲಿಲ್ಲ.

“50 ಕೊಟ್ಟರೆ ಇಬ್ಬರಿಗೂ ನ್ಯಾಯವಲ್ಲವೇ?”

“ನ್ಯಾಯವೇ. 1, 5, 25 ಬೆಸ. ಅವುಗಳನ್ನು ಎರಡರಿಂದ ಗುಣಿಸಿದ 2, 10, 50 ಸಮ. ಎರಡರಿಂದ ಭಾಗವಾಗಿ ನಾಲ್ಕರಿಂದ ಭಾಗವಾಗದ ಯಾವ ಸಂಖ್ಯೆಯಲ್ಲೂ ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಹೀಗೆ ಸಮಸಮ.”

ಗುಮಾಸ್ತರ ಮುಖ ಸಣ್ಣದಾದುದನ್ನು ಕಂಡು ಮೇಷ್ಟ್ರು ಬೇಗನೆ ನೂರಕ್ಕೆ ಮರಳಿ, ಬಿಲ್ಲಿನ ಬೆನ್ನಿನ ಮೇಲೆ ಬರೆಯತೊಡಗಿದರು: 1ಕ್ಕೆ 100 ಜೋಡಿ, 2ಕ್ಕೆ 50, 4ಕ್ಕೆ 25, 5ಕ್ಕೆ 20. ಉಳಿದ 10ಕ್ಕೆ ಮಾತ್ರ ಜೋಡಿ 10ನೇ ಆದುದರಿಂದ, ಮದುವೆ ಮನೆಗೆ ಒಬ್ಬರೇ ಬಂದವರಂತೆ ಅದು ಒಂಟಿಯಾಗಿ ನಿಂತು, ಒಟ್ಟು ಎಣಿಕೆ ಒಂಬತ್ತಾಗುತ್ತದೆ. ಅಪವರ್ತನಗಳ ಎಣಿಕೆ ಹೀಗೆ ಬೆಸವಾಗುವುದು ವರ್ಗಸಂಖ್ಯೆಗಳಲ್ಲಿ ಮಾತ್ರ. ಮಿಕ್ಕವೆಲ್ಲ ಜೋಡಿಜೋಡಿಯಾಗಿಯೇ ಬರುತ್ತವೆ.

ಸಾಹುಕಾರರ ವ್ಯಾಪಾರದ ಬುದ್ಧಿ ತಟ್ಟನೆ ಎಚ್ಚೆತ್ತಿತು. “ಅಂದರೆ 100 ಸಮ, ಎಣಿಕೆ ಬೆಸ, 101 ಬೆಸ, ಎಣಿಕೆ ಎರಡು, ಸಮ. ಎರಡರಲ್ಲೂ ಅರ್ಧ ಶುಭವೇ ತಾನೇ? ಎರಡೂ ಬೆಸವಾಗಿರುವುದು ಯಾವುದು ಹೇಳಿ.”

“ಬೆಸಸಂಖ್ಯೆಯ ವರ್ಗ. 31ರ ವರ್ಗ 961,” ಎಂದು ಮೇಷ್ಟ್ರು ಹೇಳಿದಾಗ, “ಅದು ಬಹಳ ಶ್ರೇಷ್ಠ,” ಎಂದು ಗುಮಾಸ್ತರು ವಿನಯದಿಂದ ದನಿಗೂಡಿಸಿದರು.

“ಇನ್ನೂ ಸಣ್ಣದು?”

“121. ಅಪವರ್ತನಗಳು 1, 11, 121. ಅದಕ್ಕಿಂತ ಕೆಳಗೆ 81, 49, 25, 9.”

“1?”

ಮೇಷ್ಟ್ರು ತುತ್ತನ್ನು ಅರ್ಧಕ್ಕೆ ನಿಲ್ಲಿಸಿದರು. “ಒಂದೂ ವರ್ಗಸಂಖ್ಯೆಯೇ. ಅದರ ಅಪವರ್ತನವೂ ಒಂದೇ. ಗಣಿತದಲ್ಲಿ ಆಕ್ಷೇಪವಿಲ್ಲ.”

ಸಾಹುಕಾರರು ಜೇಬಿನಿಂದ ನಾಣ್ಯವೊಂದನ್ನು ತೆಗೆದು ಮೇಜಿನ ಮೇಲಿಟ್ಟಾಗ ಗುಮಾಸ್ತರು ಬೇಸರಪಡದೆ, “ಸಂತೋಷ. ಮುಯ್ಯಿ ಪುಸ್ತಕದಲ್ಲಿ ಹಾಗೆಯೇ ಬರೆಸುತ್ತೇನೆ, ನಿಮ್ಮ ಮಗನ ಮದುವೆಗೆ ನಾನೂ ಇದೇ ಸಂಖ್ಯೆಯನ್ನು ತೀರಿಸುತ್ತೇನೆ,” ಎಂದರು.

ಸಾಹುಕಾರರು ಒಂದರಿಂದ ನೇರವಾಗಿ 121ಕ್ಕೆ ಜಿಗಿದರು.

“ಅಲ್ಲಿಂದ 169ಕ್ಕೆ ಬರೀ 48,” ಎಂದರು ಮೇಷ್ಟ್ರು.