ಹಳೇ ಲೇಸರ್ ಹಾಯಿದೋಣಿ ತಗೊಂಡಿದ್ದೇನೆ, ಕೋಡಿಬೆಂಗ್ರೆ ಹೊಳೆಯಲ್ಲಿ ಕಲಿಯುವುದು ಹೇಗೆ?

ಕುದ್ರು_ಹಾಯಿ:

ಎಲ್ಲರಿಗೂ ನಮಸ್ಕಾರ. ಸೆಕೆಂಡ್‌ಹ್ಯಾಂಡ್ ಲೇಸರ್ ಒಂದು ತಗೊಂಡಿದ್ದೇನೆ, ಒಬ್ಬರೇ ಓಡಿಸುವ 4.2 ಮೀಟರಿನ ದೋಣಿ. ಜೊತೆಗೆ ಬಂದಿರುವುದು 7.06 ಚದರ ಮೀಟರಿನ ದೊಡ್ಡ ಹಾಯಿ. ನನ್ನ ತೂಕ 64 ಕೆಜಿ, ಈಜು ಬರುತ್ತದೆ. ದೋಣಿ ಇಟ್ಟಿರುವುದು ಉಡುಪಿ ಬಳಿಯ ಕೋಡಿಬೆಂಗ್ರೆಗೆ ಹೋಗುವ ರಸ್ತೆಯ ಹೊಳೆಬದಿಯಲ್ಲಿ. ಸ್ವರ್ಣಾ ಹೊಳೆಯಲ್ಲೇ ಕಲಿಯುವ ಆಲೋಚನೆ, ಸಮುದ್ರಕ್ಕೆ ಸದ್ಯಕ್ಕಿಲ್ಲ.

ಅಡ್ಡಗಾಳಿಯಲ್ಲಿ ದೋಣಿ ಚೆನ್ನಾಗಿ ಓಡುತ್ತದೆ. ಟ್ಯಾಕ್ ಮಾಡಲು (ಮೂತಿಯನ್ನು ಗಾಳಿಗೆದುರಾಗಿ ದಾಟಿಸಿ ಆಚೆ ಬದಿಗೆ ತಿರುಗಲು) ಹೋದರೆ ಮಾತ್ರ ಮೂತಿ ಗಾಳಿಗೆದುರಾಗಿ ನಿಂತುಬಿಡುತ್ತದೆ, ಹಾಯಿ ಪಟಪಟ ಹೊಡೆದುಕೊಳ್ಳುತ್ತದೆ, ಆಮೇಲೆ ದೋಣಿ ಹಿಮ್ಮುಖ ಹೋಗಲು ಶುರು. ಇದು ಯಾಕೆ? ದಿನದ ಯಾವ ಹೊತ್ತು ಒಳ್ಳೆಯದು? ಹಳೇ ದೋಣಿಯಲ್ಲಿ ಏನೇನು ಪರೀಕ್ಷೆ ಮಾಡಬೇಕು? ಮಗುಚಿದರೆ ಒಬ್ಬನೇ ಎತ್ತುವುದು ಹೇಗೆ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಪಡುಗಾಳಿ:

ಮೊದಲು ಹೊತ್ತಿನ ವಿಷಯ ಹೇಳುತ್ತೇನೆ. ಟ್ಯಾಕ್ ಬರದಿದ್ದರೂ ಮನೆಗೆ ವಾಪಸ್ ಬರಬಹುದು, ಹೊತ್ತು ತಪ್ಪಿದರೆ ಹೊಳೆಯೇ ನಿಮ್ಮನ್ನು ಅಳಿವೆಗೆ ಒಯ್ಯುತ್ತದೆ.

ನೀವಿರುವ ಜಾಗ ಕಲಿಯುವವರಿಗೆ ಹೇಳಿ ಮಾಡಿಸಿದಂತಿದೆ. ಅಲ್ಲಿ ಸ್ವರ್ಣಾ ನೇರ ಕಡಲಿಗೆ ಬೀಳದೆ, ಮರಳುದಿಣ್ಣೆಯ ಒಳಬದಿಯಲ್ಲಿ ಕಡಲಿಗೆ ಸಮಾನಾಂತರವಾಗಿ ಉತ್ತರಕ್ಕೆ ಹರಿದು, ಬೆಂಗ್ರೆಯ ತುದಿಯಲ್ಲಿ ಸೀತಾ ಹೊಳೆಯನ್ನು ಕೂಡಿಕೊಂಡು ಸಮುದ್ರ ಸೇರುತ್ತದೆ. ಮಧ್ಯಾಹ್ನದ ಕಡಲಗಾಳಿ ಪಡುವಲಿಂದ, ಇಲ್ಲವೇ ವಾಯವ್ಯದಿಂದ. ಅಂದರೆ ಹೊಳೆಯ ಉದ್ದಕ್ಕೆ ಉತ್ತರ-ದಕ್ಷಿಣ ಓಡಾಡಿದರೆ ಹೋಗುವಾಗಲೂ ಬರುವಾಗಲೂ ಹೆಚ್ಚುಕಡಿಮೆ ಅಡ್ಡಗಾಳಿಯೇ ಸಿಗುತ್ತದೆ. ಹಾಯಿದೋಣಿಗೆ ಅದಕ್ಕಿಂತ ಸುಲಭದ ದಿಕ್ಕು ಇಲ್ಲ.

ತೊಂದರೆ ಇರುವುದು ಇಳಿತದಲ್ಲಿ. ಇಳಿತದ ನೀರು ಉತ್ತರಕ್ಕೆ, ಅಳಿವೆ ಬಾಗಿಲಿನ ಕಡೆ ಎಳೆಯುತ್ತದೆ. ಸಂಜೆ ಗಾಳಿ ಸತ್ತಾಗ ಇಳಿತ ಜೋರಿದ್ದರೆ ಹಾಯಿ ಏನೂ ಕೆಲಸ ಮಾಡುವುದಿಲ್ಲ, ದೋಣಿ ಸೀದಾ ಬಾಗಿಲಿಗೆ ಹೋಗುತ್ತದೆ. ಅಲ್ಲಿ ಹೊರಗೆ ಹೋಗುವ ನೀರಿಗೆ ಪಡುಗಾಳಿಯ ತೆರೆ ಎದುರಾಗಿ, ಮರಳುದಿಬ್ಬದ ಮೇಲೆ ಅಲೆ ಒಡೆಯುತ್ತಿರುತ್ತದೆ. ಅದು ಸಣ್ಣ ದೋಣಿಯ ಜಾಗ ಅಲ್ಲವೇ ಅಲ್ಲ.

ಹಾಗಾಗಿ ಮಧ್ಯಾಹ್ನ 12ರಿಂದ 1 ಗಂಟೆಯೊಳಗೆ ಪೂರ್ತಿ ಇಳಿತ ಮುಗಿಯುವ ದಿನ ಆರಿಸಿಕೊಳ್ಳಿ. ಅಲ್ಲಿಂದ ಸಂಜೆಯವರೆಗೂ ಉಬ್ಬರದ ನೀರು ದಕ್ಷಿಣಕ್ಕೆ, ಒಳಗೆ ನುಗ್ಗುತ್ತದೆ. ಚುಕ್ಕಾಣಿ ಮುರಿದರೂ ಹಗ್ಗ ತುಂಡಾದರೂ ಗಾಳಿ, ನೀರು ಎರಡೂ ನಿಮ್ಮನ್ನು ಅಳಿವೆಯಿಂದ ದೂರ, ಮೂಡಣ ದಡಕ್ಕೆ ತಳ್ಳುತ್ತವೆ. ಉಬ್ಬರ-ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ವಾರಕ್ಕೆ ಹತ್ತಿರ ಹತ್ತಿರ 6 ಗಂಟೆ. ಈ ಶನಿವಾರ ಮಧ್ಯಾಹ್ನ ಇಳಿತವಿದ್ದರೆ ಮುಂದಿನ ಶನಿವಾರ ಅದೇ ಹೊತ್ತಿಗೆ ಉಬ್ಬರ ತುಂಬಿರುತ್ತದೆ. ಒಂದು ವಾರ ಬಿಟ್ಟು ಒಂದು ವಾರ ಎಂದೇ ಲೆಕ್ಕ ಇಟ್ಟುಕೊಳ್ಳಿ.

ಗಾಳಿ 5ರಿಂದ 8 ನಾಟ್ ಸಾಕು, ಅಂದರೆ ಗಂಟೆಗೆ 9ರಿಂದ 15 ಕಿಮೀ. ಹೊಳೆಯ ಮೇಲೆ ಅಲ್ಲಲ್ಲಿ ಬಿಳಿ ನೊರೆ ಕಂಡರೆ ಅಂದು ಇಳಿಯಬೇಡಿ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್-ಮೇಯಲ್ಲಿ ಸಂಜೆ ಘಟ್ಟದ ಮೇಲೆ ಮೋಡ ಕಪ್ಪಾಗಿ ಗುಡುಗು ಕೇಳಿಸಿತೆಂದರೆ, ಪಡುಗಾಳಿ ಒಮ್ಮೆಗೇ ಮೂಡುಗಾಳಿಯಾಗಿ ತಿರುಗಿ ಬೀಸುತ್ತದೆ. ಮೊದಲ ಗುಡುಗಿಗೇ ದಡಕ್ಕೆ ಬನ್ನಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆ ಬೇಡ.

ಇನ್ನೊಂದು ಮಾತು: ಪಡುವಣ ದಡದ ತೆಂಗಿನ ತೋಟಗಳ ಮರೆಯಲ್ಲಿ ಗಾಳಿ ಕಡಿದು ಕಡಿದು ಬರುತ್ತದೆ. ದಡದಿಂದ ನೂರಿನ್ನೂರು ಮೀಟರ್ ಹೊರಗೆ ಬಂದರೆ ಒಂದೇ ಸಮನಾಗುತ್ತದೆ.

ಬೋಲ್ಟು_ನಟ್ಟು:

ಪಡುಗಾಳಿಯವರು ಹೇಳಿದ್ದಕ್ಕೆ ಒಂದು ಸೇರಿಸಬೇಕು. ನಿಮ್ಮ ಮಾಸ್ಟ್, ಅಂದರೆ ಹಾಯಿಕಂಬ, 6 ಮೀಟರ್ ಎತ್ತರದ ಅಲ್ಯೂಮಿನಿಯಂ. ಹೊಳೆಯ ಮೇಲೆ, ದಡದ ಉದ್ದಕ್ಕೆ, ದೋಣಿ ಇಳಿಸುವ ಜಾಗದಲ್ಲಿ ಕರೆಂಟಿನ ತಂತಿ ಎಲ್ಲೆಲ್ಲಿದೆ ಎಂದು ಮೊದಲೇ ನಡೆದು ನೋಡಿ ಬನ್ನಿ. ದಕ್ಷಿಣಕ್ಕೆ ಹೋದರೆ ಕೆಮ್ಮಣ್ಣಿನಲ್ಲಿ ತಿಮ್ಮಣ್ಣಕುದ್ರುವಿನ ತೂಗುಸೇತುವೆ ಇದೆ, ಅದರ ಹತ್ತಿರವೂ ಹೋಗಬೇಡಿ.

ಈಗ ದೋಣಿ. ಹಳೇ ಲೇಸರಿನಲ್ಲಿ ಮೊದಲು ಸಾಯುವುದು ಮಾಸ್ಟ್ ಕೂರುವ ಗುಂಡಿ. ಅದಕ್ಕೆ ಕಂಠಪೂರ್ತಿ ನೀರು ತುಂಬಿ, ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ ಒಂದು ತಾಸು ಬಿಡಿ. ನೀರು ಇಳಿದಿದ್ದರೆ ಗುಂಡಿಯ ತಳ ಅಥವಾ ಸುತ್ತಲಿನ ಜೋಡಣೆ ಬಿರುಕು ಬಿಟ್ಟಿದೆ ಎಂದರ್ಥ. ರಿಪೇರಿ ಆಗದೆ ನೀರಿಗೆ ಇಳಿಸಬೇಡಿ. ಮಾಸ್ಟಿನ ಪೂರ್ತಿ ಭಾರ ಬೀಳುವುದು ಅಲ್ಲಿಗೇ, ಜೋರು ಗಾಳಿಗೆ ಡೆಕ್ (ದೋಣಿಯ ಮೇಲ್ಹಾಸು) ಕಿತ್ತು ಬರುತ್ತದೆ. ಸವೆತಕ್ಕೆ ಕಾರಣ ಮರಳು. ಮಾಸ್ಟಿನ ಬುಡ ಗಾಳಿಗೆ ತಿರುಗುತ್ತಲೇ ಇರುತ್ತದೆ, ಕೆಳಗೆ ಹತ್ತು ಕಾಳು ಮರಳಿದ್ದರೂ ಫೈಬರನ್ನು ಅರೆದು ತೂತು ಮಾಡುತ್ತದೆ. ಪ್ರತಿ ಸಲ ಬುಡವನ್ನೂ ಗುಂಡಿಯನ್ನೂ ತೊಳೆದೇ ಕೂರಿಸಿ.

ಆಮೇಲೆ ತೂಕ. ಹೊಸ ಹಲ್ (ದೋಣಿಯ ಬರೀ ಒಡಲು) ಸುಮಾರು 59 ಕೆಜಿ. ನಿಮ್ಮದು 70ರ ಹತ್ತಿರ ತೂಗಿದರೆ ಒಳಗೆ ನೀರು ನಿಂತಿದೆ, ಇಲ್ಲವೇ ಫೋಮ್ ನೀರು ಕುಡಿದಿದೆ. ಹಿಂಬದಿಯ ಬಿರಡೆ ತೆಗೆದು, ಮೂತಿ ಎತ್ತಿ ರಾತ್ರಿಯಿಡೀ ಬಸಿಯಲು ಬಿಡಿ. ಎಲ್ಲಿಂದ ಒಳಬರುತ್ತದೆ ಎಂದು ತಿಳಿಯಲು ಜೋಡಣೆಗಳ ಮೇಲೆ ಸೋಪಿನ ನೀರು ಹಚ್ಚಿ, ಆ ತೂತಿಗೆ ರಬ್ಬರ್ ಪೈಪ್ ಕೊಟ್ಟು ಬಾಯಿಂದ ಊದಿ, ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಖಂಡಿತ ಬೇಡ, ಹಲ್ ಜೋಡಣೆಯಲ್ಲೇ ಬಿಚ್ಚಿಕೊಳ್ಳುತ್ತದೆ. ಡೆಕ್-ಹಲ್ ಸೇರುವ ಅಂಚು, ಚುಕ್ಕಾಣಿ ಸಿಕ್ಕಿಸುವ ಕೊಂಡಿಗಳ ಸ್ಕ್ರೂ, ಡ್ಯಾಗರ್‌ಬೋರ್ಡಿನ (ದೋಣಿ ಪಕ್ಕಕ್ಕೆ ಜಾರದಂತೆ ನಡುವಿನಿಂದ ನೀರಿಗೆ ಇಳಿಬಿಡುವ ಹಲಗೆ) ಸೀಳು, ಈ ಮೂರು ಕಡೆ ಹೆಚ್ಚಾಗಿ ಸಿಗುತ್ತದೆ.

ಮಾಸ್ಟಿನ ಮೇಲ್ತುಂಡನ್ನು ಸಿಮೆಂಟ್ ನೆಲದ ಮೇಲೆ ಉರುಳಿಸಿ. ಕುಪ್ಪಳಿಸಿದರೆ ಬಗ್ಗಿದೆ. ಎರಡು ತುಂಡು ಸೇರುವಲ್ಲಿನ ರಿವೆಟ್ ಸುತ್ತ ಬಿಳಿ ಪುಡಿ ಕಂಡರೆ ಅಲ್ಯೂಮಿನಿಯಂ ತಿಂದುಹೋಗುತ್ತಿದೆ; ಮುರಿದರೆ ಅಲ್ಲೇ ಮುರಿಯುವುದು.

ನಾಲ್ಕು ಸಣ್ಣ ವಸ್ತು ಮರೆತರೆ ದೊಡ್ಡ ಅನಾಹುತ. ಬಿರಡೆ ಬಿಗಿಯಾಗಿದೆಯೇ? ಚುಕ್ಕಾಣಿ ಮೇಲೇಳದಂತೆ ತಡೆಯುವ ಸ್ಪ್ರಿಂಗ್ ಕ್ಲಿಪ್ ಇದೆಯೇ? ಡ್ಯಾಗರ್‌ಬೋರ್ಡಿಗೆ ಹಗ್ಗ ಕಟ್ಟಿದೆಯೇ? ಮಾಸ್ಟ್ ಗುಂಡಿಯಿಂದ ಜಾರದಂತೆ ಡೆಕ್ಕಿಗೆ ಬಿಗಿದಿದೆಯೇ? ದೋಣಿ ತಲೆಕೆಳಗಾದಾಗ ಇವುಗಳಲ್ಲಿ ಯಾವುದು ಸಡಿಲವೋ ಅದು ಕಳಚಿ ಹೋಗುತ್ತದೆ, ಡ್ಯಾಗರ್‌ಬೋರ್ಡ್ ತೇಲಿ ಹೋದರಂತೂ ದೋಣಿ ಎತ್ತಲು ಹಿಡಿಯೇ ಇಲ್ಲ. ಮೇನ್‌ಶೀಟ್ (ಹಾಯಿಯನ್ನು ಎಳೆದು ಬಿಡುವ ಹಗ್ಗ) ಸುಮಾರು 13-14 ಮೀಟರ್, 6 ಅಥವಾ 7 ಮಿಮೀ ದಪ್ಪ. ಅದಕ್ಕಿಂತ ಸಪುರ ಆದರೆ ಕೈ ಕೊಯ್ಯುತ್ತದೆ.

ಅಡ್ಡಗಾಳಿ_ಶೆಟ್ರು:

ಟ್ಯಾಕ್ ವಿಷಯ. ನೀವು ಅಡ್ಡಗಾಳಿಯಿಂದ ನೇರ ತಿರುಗಿಸುತ್ತಿದ್ದೀರಿ, ಕಾರಣ ಅದೇ. ಗಾಳಿ ಬರುವ ದಿಕ್ಕಿನ ಎರಡೂ ಬದಿ ಸುಮಾರು 45 ಡಿಗ್ರಿಯೊಳಗೆ ಹಾಯಿಗೆ ಬಲ ಇಲ್ಲ. ಅಡ್ಡಗಾಳಿಯಿಂದ ಹೊರಟರೆ ಆಚೆ ಬದಿ ಮುಟ್ಟಲು 135 ಡಿಗ್ರಿ ತಿರುಗಬೇಕು, ಅಷ್ಟರಲ್ಲಿ ಓಟ ಸತ್ತಿರುತ್ತದೆ.

ಮೊದಲು ಹಗ್ಗ ಎಳೆಯುತ್ತಾ ಮೆಲ್ಲ ಗಾಳಿಗೆ ಹತ್ತಿರ ತನ್ನಿ, ಮಾಸ್ಟಿನ ಪಕ್ಕದ ಹಾಯಿ ನಡುಗಲು ಶುರುವಾಗುವ ಅಂಚಿನವರೆಗೆ. ಅಲ್ಲಿ ಹತ್ತಿಪ್ಪತ್ತು ಮೀಟರ್ ಓಡಿ ವೇಗ ಹಿಡಿಯಲಿ. ಆಮೇಲೆ ಟಿಲ್ಲರನ್ನು (ಚುಕ್ಕಾಣಿಯ ಹಿಡಿ) ಹಾಯಿಯ ಕಡೆ ಒಂದೇ ಸಮನೆ ತಳ್ಳಿ, ಹಾಯಿ ಆಚೆ ತುಂಬುವವರೆಗೆ ಬಿಡಬೇಡಿ. ಒಮ್ಮೆಲೇ ಕೊನೆವರೆಗೆ ನೂಕಿದರೆ ಚುಕ್ಕಾಣಿ ಹಲಗೆ ನೀರಿಗೆ ಅಡ್ಡ ನಿಂತು ಬ್ರೇಕ್ ಆಗುತ್ತದೆ. ಬೂಮ್ (ಹಾಯಿಯ ಕೆಳಗಿನ ಅಡ್ಡಕೋಲು) ತಲೆ ಮೇಲೆ ಬರುವಾಗ ಬಗ್ಗಿ, ಮುಖ ಮುಂದಕ್ಕೆ ಇಟ್ಟೇ ದಾಟಿ, ಕೂತಾದ ಮೇಲೆ ಬೆನ್ನ ಹಿಂದೆ ಕೈ ಬದಲಿಸಿ. ಡ್ಯಾಗರ್‌ಬೋರ್ಡ್ ಪೂರ್ತಿ ಕೆಳಗಿರಬೇಕು. ಅರ್ಧ ಎತ್ತಿದ್ದರೆ ದೋಣಿ ತಿರುಗುವ ಬದಲು ಪಕ್ಕಕ್ಕೆ ಜಾರುತ್ತದೆ.

ಆದರೂ ನಿಂತಿತು ಅನ್ನಿ. ಗಾಬರಿ ಬೇಡ. ಬೂಮನ್ನು ಕೆಳಕ್ಕೆ ಬಿಗಿಯುವ ವ್ಯಾಂಗ್ ಹಗ್ಗ ಸಡಿಲಿಸಿ, ಬೂಮನ್ನು ನಿಮ್ಮಿಂದ ಆಚೆಗೆ ತಳ್ಳಿ, ಟಿಲ್ಲರನ್ನೂ ಆಚೆಗೇ ತಳ್ಳಿ. ದೋಣಿ ಹಿಂದಕ್ಕೆ ಸರಿಯುತ್ತಾ ಮೂತಿಯನ್ನು ಬೂಮ್ ಇರುವ ಕಡೆಗೆ ಹೊರಳಿಸುತ್ತದೆ. 45 ಡಿಗ್ರಿ ದಾಟಿತೆನಿಸಿದಾಗ ಟಿಲ್ಲರನ್ನು ಈಚೆಗೆ ಎಳೆದು ನಡುವಿಗೆ ತಂದು, ಹಗ್ಗ ಎಳೆಯಿರಿ. ತಳ್ಳು-ತಳ್ಳು, ಎಳೆ-ಎಳೆ, ಅಷ್ಟೇ.

ಜೈಬ್ (ಗಾಳಿ ಬೆನ್ನಿಗಿಟ್ಟು ತಿರುಗುವುದು) ಈಗಲೇ ಬೇಡ ಮಾರಾಯ್ರೆ. ಗಾಳಿ ಬೆನ್ನಿಗಿದ್ದಾಗ ಬೂಮ್ ದಾಟುವುದು ಏಟಿನ ಹಾಗೆ. ಲೇಸರಿನಲ್ಲಿ ಸಡಿಲ ಹಗ್ಗ ಹಿಂಬದಿಯ ಮೂಲೆಗೆ ಸಿಕ್ಕಿಕೊಂಡರೆ ಹಾಯಿ ಬಿಡಲಿಕ್ಕೂ ಆಗುವುದಿಲ್ಲ, ದೋಣಿ ಮಗುಚುತ್ತದೆ. ಸದ್ಯಕ್ಕೆ ಗಾಳಿಯ ಕಡೆ ದೊಡ್ಡ ಸುತ್ತು ಹಾಕಿ ಟ್ಯಾಕ್ ಮಾಡಿಯೇ ಬನ್ನಿ. ಮುಂದೆ ಜೈಬ್ ಕಲಿಯುವಾಗ, ಬೂಮ್ ನಡುವಿಗೆ ಬರುತ್ತಿದ್ದಂತೆ ಹಗ್ಗವನ್ನು ಒಮ್ಮೆ ಜೋರಾಗಿ ಜಗ್ಗಿ ಸಡಿಲ ತೆಗೆಯಬೇಕು.

ಓಡಿಸುವುದಕ್ಕಿಂತ ಮೊದಲು ನಿಲ್ಲಿಸುವುದನ್ನು ಕೈಗೆ ಹತ್ತಿಸಿಕೊಳ್ಳಿ. ಗಾಳಿಗೆ ಸುಮಾರು 60 ಡಿಗ್ರಿಯಲ್ಲಿ ಹಗ್ಗ ಪೂರ್ತಿ ಬಿಟ್ಟರೆ ದೋಣಿ ತೆಪ್ಪಗೆ ನಿಲ್ಲುತ್ತದೆ, ಎಳೆದರೆ ಹೊರಡುತ್ತದೆ. ತೇಲುವ ಕ್ಯಾನ್ ಒಂದಕ್ಕೆ ಕಲ್ಲು ಕಟ್ಟಿ ಬಿಟ್ಟು, ಅದರ ಪಕ್ಕವೇ ನಿಲ್ಲಿಸುವ ಅಭ್ಯಾಸ ಮಾಡಿ.

ಪಡುಗಾಳಿ:

ಮಗುಚುವುದರ ಬಗ್ಗೆ ಯಾರೂ ಬರೆದಿಲ್ಲ. ಅದನ್ನು ಮೊದಲ ದಿನವೇ, ದಡದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ಬೇಕೆಂದೇ ಮಗುಚಿ ಕಲಿಯಬೇಕು.

ಬಿದ್ದ ಕೂಡಲೇ ದೋಣಿಯನ್ನು ಬಿಡಬೇಡಿ, ಹಗುರ ದೋಣಿ ಗಾಳಿಗೆ ನೀವು ಈಜುವುದಕ್ಕಿಂತ ಬೇಗ ಸರಿದುಹೋಗುತ್ತದೆ. ಮೇನ್‌ಶೀಟ್ ಕ್ಲೀಟಿನಿಂದ (ಹಗ್ಗ ಕಚ್ಚಿ ಹಿಡಿಯುವ ಕೊಂಡಿ) ಬಿಡಿಸಿದೆಯೇ ನೋಡಿ. ಅಂಚು ಹಿಡಿದುಕೊಂಡೇ ಸುತ್ತಿ ಬಂದು ಡ್ಯಾಗರ್‌ಬೋರ್ಡಿಗೆ ಜೋತುಬೀಳಿ. ಮೂತಿ ಗಾಳಿಯ ಕಡೆ ಹೊರಳಲು ಬಿಟ್ಟು, ಆಮೇಲೆ ಭಾರ ಹಾಕಿ. ಹಾಯಿಯ ಮೇಲಿನ ನೀರು ಇಳಿಯಲು ಕೆಲವು ಕ್ಷಣ ಬೇಕು, ಜಗ್ಗಾಡಬೇಡಿ. ಹಾಯಿ ಬಿದ್ದ ಬದಿಯಿಂದಲೇ ಗಾಳಿ ಬರುವಾಗ ಎತ್ತಿದರೆ, ಎದ್ದ ದೋಣಿ ನಿಮ್ಮ ಮೇಲೆಯೇ ಮಗುಚುತ್ತದೆ.

ನಿಮ್ಮ ಹೊಳೆಯಲ್ಲಿ ವಿಶೇಷ ತೊಂದರೆ ಒಂದಿದೆ: ಆಳ ಎರಡು ಮೂರು ಮೀಟರ್, ಮಾಸ್ಟ್ ಆರು. ತಲೆಕೆಳಗಾದರೆ ತುದಿ ಕೆಸರಿಗೆ ಹೂತುಕೊಳ್ಳುತ್ತದೆ. ಆಗ ಬೋರ್ಡಿನ ಮೇಲೆ ನಿಂತು ಕುಣಿದರೆ ಮಾಸ್ಟ್ ಬಗ್ಗುತ್ತದೆ. ಬೋರ್ಡಿನಿಂದ ಭಾರ ತೆಗೆದು, ಮೂತಿ ಹಿಡಿದು ಈಜುತ್ತಾ, ಮಾಸ್ಟ್ ಯಾವ ಕೋನದಲ್ಲಿ ಹೊಕ್ಕಿದೆಯೋ ಅದೇ ಸಾಲಿನಲ್ಲಿ ಹಿಂದಕ್ಕೆ ಎಳೆಯಿರಿ. ತುದಿ ಬಿಡಿಸಿಕೊಂಡ ಮೇಲೆ ಮಾಮೂಲಿನಂತೆ ಎತ್ತಿ. ಹಾಯಿಯ ತುದಿಗೆ 2 ಲೀಟರಿನ ಖಾಲಿ ಬಾಟಲಿ ಕಟ್ಟಿದರೆ ದೋಣಿ ಪೂರ್ತಿ ತಲೆಕೆಳಗಾಗುವುದು ನಿಧಾನವಾಗುತ್ತದೆ. ಕಲಿಯುವಷ್ಟು ದಿನ ಅದು ಇರಲಿ.

ಜಾಕೆಟ್ ಫೋಮಿನದೇ ಆಗಬೇಕು, ನೀರಿಗೆ ಬಿದ್ದಾಗ ಗಾಳಿ ತುಂಬಿಕೊಳ್ಳುವಂಥದ್ದು ಪದೇ ಪದೇ ಬೀಳುವ ಆಟಕ್ಕೆ ಒಗ್ಗುವುದಿಲ್ಲ. ಕಾಲಿಗೆ ಗಟ್ಟಿ ಅಟ್ಟೆಯ ಶೂ ಹಾಕಿ. ದಡದ ಚಿಪ್ಪು ಬ್ಲೇಡಿನಂತೆ ಕೊಯ್ಯುತ್ತದೆ. ಸೀಟಿ, ಚಾಕು, ವಾಟರ್‌ಪ್ರೂಫ್ ಚೀಲದಲ್ಲಿ ಮೊಬೈಲ್ ಮೈಮೇಲೇ ಇರಲಿ, ದೋಣಿಯಲ್ಲಿ ಬೇಡ. ಕರಾವಳಿ ರಕ್ಷಣಾ ಪಡೆಯ ನಂಬರ್ 1554 ಅದರಲ್ಲಿ ಸೇವ್ ಮಾಡಿ. ಮತ್ತೆ, ಬಲೆ ಕಟ್ಟುವವರನ್ನು ಮೊದಲೇ ಮಾತಾಡಿಸಿ, ಎಲ್ಲಿ ಬಲೆ, ಎಲ್ಲಿ ಗೂಟ ಎಂದು ಕೇಳಿಕೊಳ್ಳಿ. ಅವರ ಬಲೆಯ ಮೇಲೆ ಹಾಯಿಸಬೇಡಿ. ಕಷ್ಟಕ್ಕೆ ಮೊದಲು ಬರುವವರೂ ಅವರೇ.

ಕುದ್ರು_ಹಾಯಿ:

ತುಂಬಾ ಉಪಕಾರ. ಎರಡೇ ಪ್ರಶ್ನೆ ಉಳಿದಿವೆ. 64 ಕೆಜಿಗೆ ಈ ಹಾಯಿ ದೊಡ್ಡದಾಯಿತೇ? ಇನ್ನು ಈ ಶನಿವಾರ ಉಬ್ಬರ-ಇಳಿತದ ಪಟ್ಟಿಯಲ್ಲಿ ಇಳಿತ 12.40ಕ್ಕೆ ಎಂದಿದೆ. ನಾನು ಎಷ್ಟಕ್ಕೆ ಇಳಿಯಲಿ?

ಬೋಲ್ಟು_ನಟ್ಟು:

ಗಾಳಿ ಎದ್ದರೆ ದೊಡ್ಡದೇ. ನಿಮ್ಮ ತೂಕಕ್ಕೆ 5.76 ಚದರ ಮೀಟರಿನ ಹಾಯಿ ಸರಿ, ಈಗ ಅದನ್ನು ಇಲ್ಕಾ 6 ಎನ್ನುತ್ತಾರೆ. 2019ರಿಂದ ಲೇಸರ್ ವರ್ಗದ ದೋಣಿಗೆ ಇಲ್ಕಾ ಎಂಬ ಹೆಸರು. ಹಾಯಿಯ ಜೊತೆ ಅದರದೇ ಗಿಡ್ಡ ಕೆಳಮಾಸ್ಟ್ ಬೇಕು. ಮೇಲ್ತುಂಡು, ಬೂಮ್, ಚುಕ್ಕಾಣಿ, ಬೋರ್ಡ್ ಎಲ್ಲ ಈಗಿನದೇ ಸಾಕು. ಅಲ್ಲಿವರೆಗೆ 8 ನಾಟಿನೊಳಗೆ ಮಾತ್ರ ಇಳಿಯಿರಿ. ದಡದಲ್ಲಿ ಬೂಮ್ ಕಳಚಿ, ಮಾಸ್ಟನ್ನು ಒಂದು ಸುತ್ತು ತಿರುಗಿಸಿ ಹಾಯಿಯನ್ನು ಅದಕ್ಕೆ ಸುತ್ತಿ, ಮತ್ತೆ ಬೂಮ್ ಹಾಕಿದರೂ ಹಾಯಿ ಸಣ್ಣದಾಗುತ್ತದೆ. ಆಕಾರ ಕೆಡುತ್ತದೆ, ಆದರೆ ಕಲಿಯಲು ನಡೆಯುತ್ತದೆ.

ಪಡುಗಾಳಿ:

ಪಟ್ಟಿಯಲ್ಲಿರುವುದು ಕಡಲಿನ ಹೊತ್ತು, ಹೊಳೆಯೊಳಗೆ ನೀರು ತಿರುಗುವುದು ಅದಕ್ಕಿಂತ ತಡ. ಒಂದೂವರೆಗೆ ದಡದಲ್ಲಿ ನಿಂತು ಒಂದು ತೆಂಗಿನ ಸಿಪ್ಪೆ ನೀರಿಗೆ ಎಸೆಯಿರಿ. ಉತ್ತರಕ್ಕೆ ಹೋದರೆ ಕಾಯಿರಿ, ನಿಂತಲ್ಲೇ ನಿಂತರೆ ಹಾಯಿ ಕಟ್ಟಲು ಶುರು ಮಾಡಿ, ದಕ್ಷಿಣಕ್ಕೆ ಹೊರಟ ಮೇಲೆ ಇಳಿಯಿರಿ. ಮೊದಲು ಉತ್ತರಕ್ಕೆ ಅರ್ಧ ಕಿಲೋಮೀಟರ್ ಮಾತ್ರ ಹೋಗಿ ವಾಪಸ್ ಬನ್ನಿ. ಸಂಜೆ ಐದಕ್ಕೆ ದೋಣಿ ದಡದ ಮೇಲಿರಲಿ, ಬಿರಡೆ ತೆಗೆದು ನೀರು ಬಸಿಯಲು ಬಿಡಿ.