ಸಹಾಯ ಬೇಕು: ನಾನು ಕುಳ್ಳಿ, ಮದುಮಗ 6 ಅಡಿ. ಕ್ಯಾಮೆರಾ ಎಲ್ಲಿ ಹಿಡಿಯಲಿ?

ಅಣ್ಣಾರೆ, ಅಕ್ಕಾರೆ, ನಮಸ್ಕಾರ. ಬೀದರ್‌ನಲ್ಲಿ ಮದುವೆ ಫೋಟೋ ತೆಗೆಯುತ್ತೇನೆ. ನನ್ನ ಎತ್ತರ 4 ಅಡಿ 11 ಇಂಚು.

ಮೊನ್ನೆ ಮಹಮೂದ್ ಗವಾನ್ ಮದರಸಾ ಎದುರಿನ ರಸ್ತೆಯಲ್ಲಿ ಜೋಡಿಯನ್ನು ನಿಲ್ಲಿಸಿದೆ. 24 ಎಂಎಂ ಲೆನ್ಸ್, ಅಂದರೆ ಹತ್ತಿರದಿಂದಲೇ ಅಗಲವಾದ ನೋಟ ಹಿಡಿಯುವಂಥದ್ದು. ನನ್ನ ಕಣ್ಣು ಮದುಮಗನ ಭುಜಕ್ಕಿಂತ ಕೆಳಗೆ! ಕ್ಯಾಮೆರಾ ಮೇಲ್ಮುಖವಾಗಿ ಓರೆ ಮಾಡಿದೆ. ಅವನ ಗದ್ದ ದಪ್ಪ, ಮೂಗಿನ ಹೊಳ್ಳೆ ದೊಡ್ಡದು. 1472ರಿಂದ ನೆಟ್ಟಗೆ ನಿಂತ ಮಿನಾರ್ ಬೇರೆ ಹಿಂದಕ್ಕೆ ವಾಲಿಬಿಟ್ಟಿದೆ. ಮನೆಯವರು ನಕ್ಕಿದ್ದೇ ನಕ್ಕಿದ್ದು.

ಸ್ಟೂಲ್ ಹತ್ತಿ ನೋಡಿದೆ. ಮುಖ ಸರಿಹೋಯಿತು, ಆದರೆ ಪೂರ್ತಿ ಆಳಿನ ಫೋಟೋದಲ್ಲಿ ಕಾಲು ಗಿಡ್ಡ. ಕ್ಯಾಮೆರಾ ಸೊಂಟದ ಮಟ್ಟಕ್ಕೆ ಇಳಿಸಿ, ಓರೆ ಮಾಡದೆ ಹಿಡಿದರೆ ಕಾಲೂ ಮಿನಾರೂ ಸರಿ. ದೂರದ್ದನ್ನು ಹತ್ತಿರ ತೋರಿಸುವ 85 ಎಂಎಂ ಲೆನ್ಸ್ ಹಾಕಿ ದೂರ ನಿಂತರೆ ಮುಖವೂ ಚೆಂದ. ಆದರೆ ಕಲ್ಯಾಣ ಮಂಟಪದಲ್ಲಿ ಹಿಂದೆ ಸರಿಯಲು ಜಾಗ ಎಲ್ಲಿ? ಸಾಫ್ಟ್‌ವೇರ್‌ನಲ್ಲಿ ನೆಟ್ಟಗೆ ಮಾಡಲು ಹೋದರೆ ಅಂಚಿನಲ್ಲಿ ಪೇಟವೇ ಕತ್ತರಿಸಿ ಹೋಗುತ್ತದೆ.

ನಾನು ಸಿಕ್ಕಿಕೊಂಡಿರುವುದು ಸೊಂಟದವರೆಗಿನ ಜೋಡಿ ಫೋಟೋದಲ್ಲಿ. ಮದುಮಗಳು ನನ್ನಷ್ಟೇ ಎತ್ತರ. ಅವನ ಕಣ್ಣಿನ ಮಟ್ಟಕ್ಕೆ ಹಿಡಿದರೆ ಅವಳು ಇನ್ನೂ ಕುಳ್ಳಗೆ, ಅವಳ ಮಟ್ಟಕ್ಕೆ ಹಿಡಿದರೆ ಅವನ ಹೊಳ್ಳೆ.

ಇಕ್ಕಟ್ಟಿನ ಜಾಗದಲ್ಲಿ, 35 ಎಂಎಂ ಲೆನ್ಸ್‌ನಲ್ಲಿ ಇಂಥ ಜೋಡಿಗೆ ಕ್ಯಾಮೆರಾ ಯಾರ ಕಣ್ಣಿನ ಮಟ್ಟಕ್ಕೆ ಇರಬೇಕು? ಅಥವಾ ಇಬ್ಬರ ನಡುವೆಯಾ? ನನ್ನ ಹಾಗೆ ಕುಳ್ಳಗಿರುವವರು ಹೇಳಿದರೆ ಇನ್ನೂ ಒಳ್ಳೆಯದು.